ವಿನೋದಿನಿಯ ಮೆಸೇಜು

ಕಾಫಿ ಕಪ್ಪು, ಲಾಲಿಪಾಪು, ಸಿಟ್ಟಿನ ಕೆಂಪು ಮುಖ. ಹೆಂಡತಿ ವಿನೋದಿನಿಯ ವಾಟ್ಸ್‌ಆ್ಯಪ್ ಮೆಸೇಜಿನಲ್ಲಿ ಇದ್ದದ್ದು ಈ ಮೂರೇ ಇಮೋಜಿ. ಮಾಟುಂಗದ ತನ್ನ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ರಮಾನಾಥ ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದ.

ಪಾರ್ಶ್ವವಾಯು ಬಡಿದ ಮೇಲೆ ವಿನೋದಿನಿಗೆ ಮಾತು ನಿಂತಿತ್ತು. ಅಕ್ಷರ ಕೂಡಿಸಲೂ ಆಗುತ್ತಿರಲಿಲ್ಲ. ಅಂದಿನಿಂದ ಅವನು ಏನು ಮಾಡಿಕೊಟ್ಟರೂ ಬೇಕು ಬೇಡ ಎನ್ನದೆ ನುಂಗುತ್ತಿದ್ದಳು. ಇಮೋಜಿ ಒತ್ತಿ ಕಳಿಸುವುದನ್ನು ಮಗಳು ಹರಿಣಿ ನಿನ್ನೆಯಷ್ಟೇ ಹೇಳಿಕೊಟ್ಟಿದ್ದಳು.

ರಮಾನಾಥ ಮನೆಗೆ ಫೋನ್ ಮಾಡಿದ. ಹರಿಣಿ ಎತ್ತಿದಳು. “ಮಮ್ಮಿಯೇ ಕಳಿಸಿದ್ದು ಪಪ್ಪಾ, ನಾನು ಮುಟ್ಟಲೇ ಇಲ್ಲ. ನಿಮ್ಮ ಕಾಫಿಗೆ ಸಕ್ಕರೆ ಜಾಸ್ತಿಯಂತೆ.”

ಬಿಲ್ ಹಿಡಿದು ನಿಂತಿದ್ದ ಗಿರಾಕಿಯನ್ನು ಅಲ್ಲೇ ಬಿಟ್ಟು ರಮಾನಾಥ ಅಡುಗೆಮನೆಗೆ ನಡೆದ. “ತಿಲಕ್, ಇಲ್ಲಿ ನೋಡು ಮಾರಾಯ,” ಎಂದು ಅಡುಗೆಯವನ ಮುಂದೆ ಮೊಬೈಲು ಹಿಡಿದ. “ಅವಳು ನನಗೆ ಬೈದಿದ್ದಾಳೆ.”