ನೀಲಿ ರೇಜರ್

ಟೀಗನ್‌ಳ ಬುಟ್ಟಿಯಿಂದ ನೀಲಿ ರೇಜರಿನ ಪ್ಯಾಕೆಟ್ ಎತ್ತಿದ ಮರ್ಲೀನ್, ಬಿಲ್ ಮಾಡದೆ ಅದನ್ನು ಹಾಗೇ ಹಿಡಿದು ನಿಂತಳು. ಊರಿಗಿದ್ದದ್ದು ಅದೊಂದೇ ಔಷಧಿ ಅಂಗಡಿ, ಗಲ್ಲಾದಲ್ಲಿ ಯಾವಾಗಲೂ ಮರ್ಲೀನಳೇ. ಟೀಗನ್‌ಳ ಗಂಡ ಕ್ಯಾಲಮ್‌ನನ್ನು ಮಣ್ಣು ಮಾಡಿದ ಮಾರನೆಯ ದಿನ ಅವರ ಮನೆ ಬಾಗಿಲಲ್ಲಿ ಕುರಿಮಾಂಸ ಬೇಯಿಸಿದ ಗಾಜಿನ ಪಾತ್ರೆ ಇಟ್ಟುಹೋದವಳೂ ಅವಳೇ. ಪಾತ್ರೆ ಕಳೆಯದಿರಲೆಂದು, ಸಾವಿನ ಮನೆಗೆ ಅಡುಗೆ ಕೊಡುವ ಎಲ್ಲರಂತೆ ತಳಕ್ಕೆ ಹೆಸರಿನ ಪಟ್ಟಿ ಅಂಟಿಸಿದ್ದಳು.

"ಟೀಗನ್, ಇದು ಗಂಡಸರದ್ದು ಕಣಮ್ಮಾ."

"ಗೊತ್ತು."

"ನಮ್ಮನೆಯವರು ಹೋದಾಗ ನಾನೂ ಹೀಗೇ ಆಗಿದ್ದೆ. ವರ್ಷವೆಲ್ಲ ಅವರ ಬಿಯರ್ ತಂದು ತಂದು ಫ್ರಿಜ್ಜಲ್ಲಿ ತುಂಬಿಸಿದೆ. ಕುಡಿಯೋರು ಯಾರು? ಕೊನೆಗೆ ನಾನೇ ಕುಡಿದು ಮುಗಿಸಿದೆ."

"ಅಯ್ಯೋ, ಹಾಗಲ್ಲ ಮರ್ಲೀನ್. ಇದು ನನಗೇ. ಯಾವಾಗಲೂ ನನಗೇ ಒಯ್ತಿದ್ದೆ."

ಅದು ನಿಜವೇ ಆಗಿತ್ತು. ಹೆಂಗಸರ ಗುಲಾಬಿ ರೇಜರಿಗೆ ಮೂರು ಡಾಲರ್ ಜಾಸ್ತಿ. ಬ್ಲೇಡು ಎರಡಕ್ಕೂ ಒಂದೇ, ಹಿಡಿಯ ಬಣ್ಣ ಮಾತ್ರ ಬೇರೆ. ಮೊದಲ ಸಲ ನೀಲಿಯದನ್ನು ಕೊಂಡಾಗ ಇದೇ ಮರ್ಲೀನ್, "ಏನೇ, ಮೀಸೆ ಬಂತಾ?" ಎಂದು ಸಾಲಿನಲ್ಲಿದ್ದವರನ್ನೆಲ್ಲ ನಗಿಸಿದ್ದಳು. ನಾಚಿದ ಟೀಗನ್ "ಕ್ಯಾಲಮ್‌ಗೆ" ಎಂದುಬಿಟ್ಟಿದ್ದಳು. ಆಮೇಲೆ ಪ್ರತಿ ಸಲವೂ ಅದೇ ಉತ್ತರ. ಕ್ಯಾಲಮ್ ತನಗೆಂದು ಬೇರೆ ಕೊಂಡವನೇ ಅಲ್ಲ. ಇವಳದ್ದನ್ನೇ ಎತ್ತಿಕೊಂಡು, ಗಲ್ಲ ಗಾಯ ಮಾಡಿಕೊಂಡು, ಬಚ್ಚಲಿಂದ ಕೂಗುತ್ತಿದ್ದ: "ಎರಡು ವಾರಕ್ಕೇ ಮೊಂಡಾಗಿದೆಯಲ್ಲೇ. ಅದೇನು ಕಾಲೋ, ಕುರಿಯೋ?"

"ಬೆಲೆ ನೋಡಿ ಬೇಕಾದ್ರೆ," ಎಂದಳು ಟೀಗನ್. "ಇದು ಮೂರು ಡಾಲರ್ ಕಮ್ಮಿ. ಅದಕ್ಕೇ."

"ಹೌದಮ್ಮಾ, ನಿನಗೇ," ಎಂದಳು ಮರ್ಲೀನ್, ಜ್ವರ ಬಂದ ಮಗುವಿಗೆ ಹೇಳುವಂತೆ. ಅವಳ ಕಣ್ಣು ತುಂಬಿತ್ತು. ಸಾಲಿನಲ್ಲಿ ಹಿಂದಿದ್ದ ಹೆಂಗಸು ಮೆಲ್ಲಗೆ ಟೀಗನ್‌ಳ ಬೆನ್ನು ಸವರಿದಳು.

ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಗುತ್ತದೆ: ಪಾಪ, ಗಂಡ ಸತ್ತಿದ್ದೇ ಅವಳ ತಲೆಗೆ ಹತ್ತಿಲ್ಲ. ಸುಳ್ಳು ಹೇಳಿದಾಗಲೆಲ್ಲ ನಂಬಿದವರು ಈಗ ನಿಜವನ್ನು ನಂಬುತ್ತಿಲ್ಲ. ಇನ್ನೊಮ್ಮೆ ಬಿಡಿಸಿ ಹೇಳಬೇಕೆಂದುಕೊಂಡ ಟೀಗನ್ ಪ್ಯಾಕೆಟ್ಟಿನ ಕಡೆ ನೋಡಿದಳು. ಸ್ವಲ್ಪ ಮೊದಲು ಕೈ ತಾನಾಗಿ ನೀಲಿಯದರ ಕಡೆ ಹೋದಾಗ ಮನಸ್ಸಿನಲ್ಲಿದ್ದದ್ದು ಬೆಲೆಯೋ, ಅವನೋ? ನೆನಪಾಗಲಿಲ್ಲ.

ಮರ್ಲೀನ್ ನೀಲಿಯದನ್ನು ವಾಪಸ್ಸಿಟ್ಟು ಗುಲಾಬಿಯದನ್ನು ತಂದಳು. "ಇನ್ನಾದರೂ ನಿನಗೆ ಅಂತ ಏನಾದರೂ ತಗೊಳ್ಳೇ."

ಟೀಗನ್ ಮೂರು ಡಾಲರ್ ಹೆಚ್ಚಿಗೆ ಕೊಟ್ಟು ಹೊರಬಂದಳು.

ತಿಂಗಳು ಕಳೆದ ಮೇಲೆ ಮರ್ಲೀನಳ ಪಾತ್ರೆ ಹಿಂದಿರುಗಿಸಲು ಹೊರಟ ಬೆಳಿಗ್ಗೆ, ಸ್ನಾನಕ್ಕೆ ನಿಂತವಳು ಕಾಲಿಗೆ ಸೋಪು ಹಚ್ಚಿದಳು. ಅಂದಿನಿಂದ ಅವಳೊಬ್ಬಳೇ ಬಳಸುತ್ತಿದ್ದ ಗುಲಾಬಿ ರೇಜರ್ ಮೊಣಕಾಲಿನವರೆಗೂ ತಡೆಯಿಲ್ಲದೆ ಜಾರಿತು. ನಿಲ್ಲಿಸಿ ಬ್ಲೇಡಿಗೆ ಹೆಬ್ಬೆರಳು ತಾಗಿಸಿ ನೋಡಿದಳು. ಮೊದಲ ದಿನದಷ್ಟೇ ಹರಿತವಾಗಿತ್ತು.