ಅತ್ತೆಯ ದನಿಗೆ ತೆರೆಯುವ ಬಾಗಿಲು

ಊರಿನ ಎಲ್ಲ ಮನೆಗಳಂತೆ ಈ ಮನೆಯ ಬಾಗಿಲುಗಳೂ ಮನೆಯ ಹಿರಿಯರ ದನಿಗಷ್ಟೇ ತೆರೆಯುತ್ತಿದ್ದವು. ಅತ್ತೆ ಚನ್ನಬಸವ್ವ ತೀರಿಕೊಂಡ ಮೇಲೂ ಸೊಸೆ ಸುವರ್ಣಾ, ಟೀವಿ ಪಕ್ಕದಲ್ಲಿದ್ದ ಬಾಗಿಲು ನಡೆಸುವ ಪೆಟ್ಟಿಗೆಯಲ್ಲಿ ಅವರ ಹಳೆಯ ರೆಕಾರ್ಡಿಂಗ್ ಹಾಕಿಯೇ ದಿನ ದೂಡುತ್ತಿದ್ದಳು. ಇಂದು ಬೆಳಿಗ್ಗೆ ಅಪ್‌ಡೇಟ್ ಆದ ಪೆಟ್ಟಿಗೆ, 'ಈ ಆಡಿಯೋ ಫಾರ್ಮ್ಯಾಟ್ ನಡೆಯುವುದಿಲ್ಲ' ಎಂದಿತು. ಐದು ವರ್ಷದ ಮಗಳು ಬಚ್ಚಲಮನೆಯೊಳಗೆ ಸಿಕ್ಕಿಕೊಂಡು ಅಳುತ್ತಿದ್ದಳು.

"ನೀವ ಜೋರಾಗಿ ಹೇಳ್ರಿ ಅಕ್ಕಾರ, ಮನಿ ಹೊಸಾ ದನಿ ಕಲಕೋತೈತಿ," ಎಂದ ಫೋನಿನಲ್ಲಿ ರಿಪೇರಿಯ ಮೌಲಾಲಿ.

"ಈ ಮನ್ಯಾಗ ನಾ ಎಂದೂ ಜೋರ್ ಮಾತಾಡಿಲ್ರಿ."

ಸುವರ್ಣಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಾಗಿಲು ತೆರೆಯುವಂತೆ ಮೆಲ್ಲಗೆ ಹೇಳಿದಳು. ಮನೆಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಒಳಗಿನ ಅಳು ನಿಂತುಹೋಯಿತು.

"ಬಾಗಲಾ ತಗೀ" ಎಂದು ಸುವರ್ಣಾ ಕಿರುಚಿದಳು.

ಬಾಗಿಲು ತೆರೆಯಿತು. ಮಗಳು ಹೊಸ್ತಿಲಲ್ಲೇ ನಿಂತು ಅತ್ತಿತ್ತ ನೋಡಿದಳು.

"ಅವ್ವಾ, ಈಗ ಒದರಿದವ್ರು ಯಾರು?"