ಹದಿನಾರನೇ ತಾರೀಖು

ಗೋರಿ ತೆರೆದ ದಿನವೇ ಕಳವು ಬಯಲಾಯಿತು.

ಮಾಡಗ್ಯಾಳದ ಹೊರಗೆ ಹೊಸ ರಸ್ತೆ ಬರುವುದಿತ್ತು. ಅಡ್ಡ ಬಂದ ಗೋರಿಗಳನ್ನು ಮನೆಯವರೇ ತೆರೆದು, ಎಲುಬುಗಳನ್ನು ಬೇರೆ ಕಡೆ ಹೂಳಬೇಕೆಂದು ಡಂಗುರವಾಗಿತ್ತು. ಕುರಿಗಾರ ಅಮೋಗಸಿದ್ದ ಮಣ್ಣು ಸೇರಿ ಆರು ವರ್ಷ. ಅವನ ಅಣ್ಣ ಧೂಳಪ್ಪ ಗೋರಿ ತೆಗೆಸಿದ. ಎಲುಬಿನ ಜೊತೆ ಕೈಗಡಿಯಾರ ಸಿಕ್ಕಿತು. ಅದನ್ನು ಒರೆಸಿ ನೋಡಿದವನೇ, ಗುಣಿಯೊಳಗೆ ನಿಂತಿದ್ದ ಕೂಲಿ ದಶರಥನ ಕೊರಳಪಟ್ಟಿ ಹಿಡಿದ. ಅಂದು ಆ ಗುಣಿ ತೋಡಿದವನೂ ಮುಚ್ಚಿದವನೂ ದಶರಥನೇ.

ಎಲ್ಲರೂ ಗಡಿಯಾರ ರಿಪೇರಿಯ ಶಿದ್ರಾಯನ ಅಂಗಡಿಗೆ ಬಂದರು. ಅಮೋಗಸಿದ್ದನ ತಾಯಿ ಚನ್ನವ್ವನೂ ಕೋಲೂರುತ್ತ ಹಿಂದೆ ಬಂದಳು.

ಶಿದ್ರಾಯ ಕೆಟ್ಟು ನಿಂತ ಹಳೆಯ ಗಡಿಯಾರಗಳನ್ನು ಕೂಡಿಡುವವನು. ಒಂದರ ಮುಳ್ಳು, ಇನ್ನೊಂದರ ಚಕ್ರ ಹಾಕಿ ಮತ್ತೆ ನಡೆಸುವುದು ಅವನ ಕಸುಬು. ಈ ಗಡಿಯಾರದ ಗುರುತು ಅವನಿಗೆ ಚೆನ್ನಾಗಿತ್ತು. ಅಮೋಗಸಿದ್ದ ತನ್ನ ಹೆಸರುವಾಸಿ ಟಗರನ್ನು ಮಾರಿ ಪಂಢರಪುರದಲ್ಲಿ ಕೊಂಡ ವಿಲಾಯತಿ ಮಾಲು. ಕೀಲಿ ಕೊಡುವ ಕೆಲಸವಿಲ್ಲ. ಕಟ್ಟಿಕೊಂಡ ಕೈ ಅಲ್ಲಾಡಿದರೆ ತಾನೇ ನಡೆಯುವಂಥದು. ತಾರೀಖು ತೋರಿಸಲು ಒಂದು ಸಣ್ಣ ಕಿಂಡಿ ಬೇರೆ. ರಾತ್ರಿ ತೆಗೆದಿಟ್ಟರೆ ಮಾತ್ರ ಬೆಳಗಿನೊಳಗೆ ನಿಂತುಬಿಡುತ್ತಿತ್ತು.

"ಇದು ನನಕಿಂತಾ ಮೈಗಳ್ಳ ಐತಿ ಶಿದ್ರಾಯಣ್ಣ," ಎಂದು ಅಮೋಗಸಿದ್ದ ಊರೆಲ್ಲ ಕೇಳುವಂತೆ ನಗುತ್ತಿದ್ದ. "ನಾ ಮಲಗಿದ್ರ ತಾನೂ ಮಲಗತೈತಿ!"

ರಾತ್ರಿ ಕುರಿ ತರುಬಿ ನಿಲ್ಲಿಸಿದ ಹೊಲದಲ್ಲಿ ಅವನಿಗೆ ನಿದ್ದೆಯಲ್ಲೇ ಹಾವು ಕಚ್ಚಿತ್ತು. ಮಧ್ಯಾಹ್ನದ ಹೊತ್ತಿಗೆ ರೆಪ್ಪೆ ಬಿದ್ದವು, ಮೈ ಸೆಟೆಯದೆ ಜೋತುಬಿತ್ತು, ಉಸಿರು ಕಾಣಲಿಲ್ಲ. ಅಂದು ಹದಿನಾಲ್ಕನೇ ತಾರೀಖು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕೆಂದರು. ಮಗನ ಕೈಗೆ ನಿಂತ ಗಡಿಯಾರ ಕಟ್ಟಿ ಕಳಿಸುವುದಿಲ್ಲವೆಂದು ಚನ್ನವ್ವ ಹಟ ಹಿಡಿದಳು. ಶಿದ್ರಾಯ ಬಂದು ಅದನ್ನು ಅಲ್ಲಾಡಿಸಿ ನಡೆಸಿದ, ವೇಳೆ, ತಾರೀಖು ಹೊಂದಿಸಿದ, ತಾನೇ ಕಟ್ಟಿ ಆ ಕೈಯನ್ನು ಎದೆಯ ಮೇಲೆ ಮಡಿಸಿಟ್ಟ.

ಚನ್ನವ್ವ ಮಗನ ಎದೆಗೆ ಕಿವಿ ಹಚ್ಚಿ ಚೀರಿದ್ದಳು. "ಬಡಕೊಳ್ಳಾಕತ್ತೈತ್ರೋ! ನನ್ನ ಮಗ ಅದಾನ್ರೋ!"

"ಅದು ಗಡಿಯಾಳ, ಆಯಿ," ಎಂದು ಅವಳ ರಟ್ಟೆ ಹಿಡಿದು ಎಬ್ಬಿಸಿದವನು ಶಿದ್ರಾಯ.

ಈಗ ಧೂಳಪ್ಪ ಅದೇ ಗಡಿಯಾರವನ್ನು ಅವನ ಮುಂದೆ ಒಗೆದ.

"ಮಣ್ಣ ಮಾಡಿದ್ದು ಹದಿನಾಲ್ಕಕ್ಕ. ಇಲ್ಲಿ ಹದಿನಾರು ಐತಿ. ಬಿಚ್ಚಿ ನೋಡು."

ತಾರೀಖು ತಿರುಗಿಸುವ ಕೀಲಿ ತುಕ್ಕು ಹಿಡಿದು ಬೆಸೆದುಹೋಗಿತ್ತು. ಶಿದ್ರಾಯ ಹಿಂದಿನ ಮುಚ್ಚಳ ಎಬ್ಬಿಸಿದ.

"ಒಳಗಿಂದು ಅಸ್ಸಲ ಐತೇನು?" ಧೂಳಪ್ಪ ಕೇಳಿದ.

"ಸ್ಪ್ರಿಂಗ್ ಬ್ಯಾರೆ ಗಡಿಯಾಳದ್ದು," ಎಂಬ ಮಾತು ಅವನ ಬಾಯಿಂದ ಜಾರಿತು.

"ಕೇಳಿದ್ರಿಲ್ಲ?" ಧೂಳಪ್ಪ ಹೊರಗೆ ನೆರೆದ ಜನದತ್ತ ತಿರುಗಿದ. "ಕೈ ಅಲ್ಲಾಡಲಿಲ್ಲಂದ್ರ ಮುಂಜಾನಿಗೆ ನಿಲ್ಲೂ ಗಡಿಯಾಳ, ಹದಿನಾರಕ್ಕ ಹೆಂಗ ಬಂತು? ಈ ಮಗಾ ಗೋರಿ ಬಗದಾನ. ಅಸ್ಸಲ ಮಾಲ ಕದ್ದು ಗುಜರಿ ತುರುಕ್ಯಾನ!"

ಹೊರಗೆ ಒಬ್ಬ ಆಗಲೇ ಕಲ್ಲೆತ್ತಿಕೊಂಡಿದ್ದ.

"ನಾ ಮುಟ್ಟಿಲ್ರಿ, ಆಯಿ." ದಶರಥನ ತುಟಿ ಒಡೆದು ರಕ್ತ ಇಳಿಯುತ್ತಿತ್ತು. "ನನ್ನ ಮಗಳ ಆಣಿ."

ಚನ್ನವ್ವ ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

"ದಶರಥ ಸುಳ್ಳ ಹೇಳಾಂವಲ್ಲ." ಅವಳ ಕಣ್ಣು ಮೆಲ್ಲಗೆ ಗಡಿಯಾರದತ್ತ ಹೊರಳಿತು. "ಇಂವಾ ಮುಟ್ಟಿಲ್ಲಂದ್ರ... ಮತ್ತ ಅಲ್ಲಾಡಿಸಿದವರು ಯಾರು?"

ಅವಳ ಕೈ ತನ್ನ ಕಿವಿಗೆ ಹೋಯಿತು. ಅಲ್ಲೇ ನಿಂತಿತು.

"ನಾನು," ಎಂದ ಶಿದ್ರಾಯ.

ಧೂಳಪ್ಪ ದಶರಥನನ್ನು ಬಿಟ್ಟು ಅವನತ್ತ ತಿರುಗಿದ.

"ಹದಿನಾರಕ್ಕ ಗೋರಿ ಬಗದಾಂವ ನಾನು, ಆಯಿ. ಅಸ್ಸಲ ಸ್ಪ್ರಿಂಗಿನ ಆಶಾ ಬಂತು. ಗಡಿಯಾಳ ಮಾರಿದ್ರ ಗುರುತು ಹಿಡೀತಿದ್ರಿ. ಸ್ಪ್ರಿಂಗಿನ ಗುರುತು ಯಾರಿಗೆ ಹತ್ತತೈತಿ? ಗುಜರಿ ಹಾಕಿ, ನಡಿಸಿ ನೋಡಿ, ತಿರುಗಿ ಕಟ್ಟಿ ಮುಚ್ಚಿದೆ."

ಮೊದಲ ಏಟು ಧೂಳಪ್ಪನದು. ಆಮೇಲೆ ಯಾರು ಯಾರು ಹೊಡೆದರೋ ತಿಳಿಯಲಿಲ್ಲ. ಡಬ್ಬಿಗಳು ಉರುಳಿ, ಚಕ್ರಗಳು ಮುಳ್ಳುಗಳು ಬೀದಿಯ ಮಣ್ಣಿಗೆ ಬೆರೆತವು. ದಶರಥ ಶಿದ್ರಾಯನ ಮುಖಕ್ಕೆ ಉಗುಳಿ, ಸಲಿಕೆ ಎತ್ತಿಕೊಂಡು ಹೋದ. ಚನ್ನವ್ವ ಬಾಗಿಲಲ್ಲಿ ನಿಂತು ಹಿಡಿ ಮಣ್ಣು ತೂರಿದಳು.

"ನೆಮ್ಮದೀಲೆ ಮಲಗಿದ ನನ್ನ ಕೂಸಿನ ಎಬ್ಬಿಸಿದ್ಯಲ್ಲೋ ಪಾಪಿ! ನಿನಗ ಮಣ್ಣ ಸಿಗಬಾರದು!"

ಅತ್ತಳು. ಅತ್ತು ಹಗುರಾಗಿ ಮನೆಗೆ ಹೋದಳು.

ಎಲ್ಲರೂ ಹೋದ ಮೇಲೆ ಶಿದ್ರಾಯ ನೆಲದಿಂದ ಆ ಗಡಿಯಾರವನ್ನು ಎತ್ತಿಕೊಂಡ. ಆ ಸ್ಪ್ರಿಂಗನ್ನು ಅವನು ಹಾಕಿದ್ದು ಅಮೋಗಸಿದ್ದ ಇದೇ ಹಲಗೆಯ ಮೇಲೆ ಕುಳಿತು, "ಹೊಸಾದು ಮುರದೀನಿ ಅಂತ ಅವ್ವಗ ಹೇಳಬ್ಯಾಡೋ, ಬೈತಾಳ" ಎಂದು ಬೇಡಿಕೊಂಡ ದಿನ. ಗೋರಿಯನ್ನು ಶಿದ್ರಾಯ ಮುಟ್ಟಿರಲಿಲ್ಲ. ಯಾರೂ ಮುಟ್ಟಿರಲಿಲ್ಲ.

ಅವನು ಕಿಂಡಿಯ ಆ ಹದಿನಾರರ ಮೇಲೆ ಹೆಬ್ಬೆರಳಿಟ್ಟು, ಕಣ್ಣು ಮುಚ್ಚಿ ಕುರಿಗಾರರ ದೇವರನ್ನು ಬೇಡಿದ: "ಬೀರಪ್ಪಾ, ಮಣ್ಣಿನೊಳಗ ಆ ಕೈ ಅಲ್ಲಾಡೂಮುಂದ ಅವಗ ಎಚ್ಚರ ಇರಲಿಲ್ಲ ಅನ್ನೂಹಂಗ ಮಾಡು. ಆ ಹುಡುಗಗ ಶಾಂತಿ ಕೊಡು, ತಂದೆ."